ಊಟದ ಹೊತ್ತಿನ ಮಾತು ಮತ್ತು ‘ಎರಡನೆಯ ಭಾಷೆ’: ಕೋಲಾರದ ಚಿನ್ನದ ಗಣಿ ಪ್ರದೇಶದ ಕುಟುಂಬ ಬಹುಭಾಷಿಕತೆಯ ಚರಿತ್ರೆ

ಸಾರಾಂಶ

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ತಮಿಳು, ತೆಲುಗು, ಕನ್ನಡ, ದಖನಿ ಉರ್ದು ಮತ್ತು ಇಂಗ್ಲಿಷ್ ಭಾಷೆಗಳು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಒಟ್ಟಿಗೆ ಬಳಕೆಯಲ್ಲಿವೆ. ಅಲ್ಲಿನ ಕುಟುಂಬಗಳು ‘ಎರಡನೆಯ ಭಾಷೆ’ಯನ್ನು ಕಲಿತ ಬಗೆಯನ್ನು ಈ ಲೇಖನ ಚಾರಿತ್ರಿಕವಾಗಿ ಪರಿಶೀಲಿಸುತ್ತದೆ. ಭಾಷೆಗಳಿಗೆ ಮೊದಲನೆಯದು, ಎರಡನೆಯದು ಎಂಬ ಅನುಕ್ರಮವನ್ನು ಕೊಟ್ಟದ್ದು ಜನಗಣತಿ ಮತ್ತು ಶಾಲೆ. ಮನೆಯೊಳಗಿನ ಕಲಿಕೆ ಈ ಅನುಕ್ರಮವನ್ನು ಪಾಲಿಸದೆ, ಯಾರು ಯಾರೊಡನೆ ಕುಳಿತು ಉಣ್ಣುತ್ತಾರೆ ಎಂಬ ಸಂಬಂಧವನ್ನು ಅನುಸರಿಸಿತು ಎಂಬುದು ಲೇಖನದ ವಾದ. ಊಟದ ಹೊತ್ತಿನ ಮಾತನ್ನು ಈ ವಾದದ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

ಮುಖ್ಯ ಪದಗಳು: ಕುಟುಂಬದ ಭಾಷಾನೀತಿ, ದ್ವಿತೀಯ ಭಾಷಾ ಗಳಿಕೆ, ತಾಯ್ನುಡಿ, ಭಾಷಾ ಸಂಪರ್ಕ, ಕೋಲಾರದ ಚಿನ್ನದ ಗಣಿ

1. ಪೀಠಿಕೆ

ಎರಡನೆಯ ಭಾಷೆಯ ಗಳಿಕೆಯನ್ನು ಕುರಿತ ಸಂಶೋಧನೆ ತರಗತಿಯಿಂದ ಮನೆಯ ಕಡೆಗೆ ತಿರುಗಿದ್ದು ಹೊಸ ಸಂಗತಿಯೇನಲ್ಲ. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೊಂಜಾ ತನ್ನ ಮಗನ ಫ್ರೆಂಚ್ ಮತ್ತು ಜರ್ಮನ್ ಕಲಿಕೆಯನ್ನು ದಾಖಲಿಸಿ 1913ರಲ್ಲಿ ಪ್ರಕಟಿಸಿದ ಪುಸ್ತಕದಿಂದಲೇ ‘ಒಬ್ಬರಿಗೆ ಒಂದು ಭಾಷೆ’ ಎಂಬ ಸೂತ್ರ ಪ್ರಚಾರಕ್ಕೆ ಬಂತು. ತಂದೆ ಒಂದು ಭಾಷೆಯಲ್ಲಿ, ತಾಯಿ ಇನ್ನೊಂದರಲ್ಲಿ ಮಾತನಾಡಿದರೆ ಮಗು ಎರಡನ್ನೂ ಬೇರೆಬೇರೆಯಾಗಿ ಕಲಿಯುತ್ತದೆ ಎಂಬುದು ಅದರ ತಿರುಳು. ಎಲಿಜಬೆತ್ ಲಾನ್ಜಾ 1997ರ ತಮ್ಮ ಅಧ್ಯಯನದಲ್ಲಿ, ಮಗು ಭಾಷೆಗಳನ್ನು ಬೆರೆಸಿದಾಗ ಹೆತ್ತವರು ತೋರುವ ಪ್ರತಿಕ್ರಿಯೆಗಳನ್ನು ವರ್ಗೀಕರಿಸಿದರು. ಅರ್ಥವಾಗದಂತೆ ನಟಿಸುವುದು, ಊಹಿಸಿ ಕೇಳುವುದು, ಸರಿಯಾದ ರೂಪವನ್ನು ತಾವೇ ಪುನರುಚ್ಚರಿಸುವುದು, ಗಮನಿಸದೆ ಮಾತು ಮುಂದುವರಿಸುವುದು, ತಾವೂ ಭಾಷೆ ಬದಲಿಸುವುದು ಎಂಬ ಐದು ಬಗೆಗಳು ಅವು. ಅದೇ ವರ್ಷ ಶೋಶಾನಾ ಬ್ಲುಮ್-ಕುಲ್ಕಾ ಇಸ್ರೇಲಿ ಮತ್ತು ಅಮೆರಿಕನ್ ಯಹೂದಿ ಕುಟುಂಬಗಳ ರಾತ್ರಿಯೂಟದ ಮಾತನ್ನೇ ವಸ್ತುವಾಗಿಟ್ಟುಕೊಂಡ ಗ್ರಂಥವನ್ನು ಪ್ರಕಟಿಸಿದರು. ‘ಕುಟುಂಬದ ಭಾಷಾನೀತಿ’ ಎಂಬ ಪರಿಕಲ್ಪನೆ ಈ ಶತಮಾನದ ಮೊದಲ ದಶಕದಲ್ಲಿ ಒಂದು ಸ್ವತಂತ್ರ ಅಧ್ಯಯನ ಕ್ಷೇತ್ರವಾಗಿ ರೂಪುಗೊಂಡಿತು.

ಈ ಅಧ್ಯಯನಗಳ ಹಿಂದೆ ಬಹುಮಟ್ಟಿಗೆ ಒಂದು ಸಮಾನವಾದ ಚಿತ್ರವಿದೆ. ಹೊರಗಿನ ಸಮಾಜಕ್ಕೆ ಒಂದು ಪ್ರಬಲ ಭಾಷೆ, ಮನೆಗೆ ಇನ್ನೊಂದು. ಇವೆರಡರ ನಡುವೆ ಹೆತ್ತವರು ಯೋಚಿಸಿ ಕೈಗೊಳ್ಳುವ ತೀರ್ಮಾನ. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ, ಅಂದರೆ ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಸುತ್ತ ಬೆಳೆದ ವಸತಿಗಳಿಗೂ ಅವುಗಳ ರೈಲ್ವೆ ಬಾಗಿಲಾದ ಬಂಗಾರಪೇಟೆಗೂ ಈ ಚಿತ್ರ ಹೊಂದುವುದಿಲ್ಲ. ಇಲ್ಲಿ ಮಗು ಊಟಕ್ಕೆ ಬಂದು ಕೂರುವ ಮೊದಲೇ ಎರಡು ಮೂರು ಭಾಷೆಗಳು ಅಲ್ಲಿ ಕುಳಿತಿರುತ್ತವೆ. ಅವುಗಳಲ್ಲಿ ಯಾವುದು ಎರಡನೆಯದು ಎಂಬ ಪ್ರಶ್ನೆಗೆ ಉಣ್ಣುವವರಲ್ಲಿ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟಾರು. ಆ ಪ್ರಶ್ನೆ ಯಾವಾಗ, ಯಾರಿಂದ ಹುಟ್ಟಿತು ಎಂಬುದನ್ನು ಚರಿತ್ರೆಯ ನೆರವಿನಿಂದ ತಿಳಿಯುವುದು ಇಲ್ಲಿನ ಉದ್ದೇಶ. ನಾಲ್ಕನೆಯ ಭಾಗದಲ್ಲಿ ಕೊಟ್ಟಿರುವ ಸಂಭಾಷಣೆ ಧ್ವನಿಮುದ್ರಿತ ದತ್ತವಲ್ಲ. ಈ ಪ್ರದೇಶದ ಭಾಷಾರೂಪಗಳನ್ನು ಆಧರಿಸಿ ವಿವರಣೆಗಾಗಿ ರಚಿಸಿಕೊಂಡದ್ದು.

2. ಗಣಿಯ ಜೊತೆಗೆ ಬಂದ ಭಾಷೆಗಳು

ಈ ನೆಲದ ಚಿನ್ನದ ಸುದ್ದಿಯನ್ನು ಬ್ರಿಟಿಷರ ದಾಖಲೆಗೆ ತಂದವನು ಮೈಸೂರಿನ ಪೂರ್ವದ ಗಡಿಯ ಸರ್ವೇಕ್ಷಣೆಗೆ 1802ರಲ್ಲಿ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್. ಮೈಕೇಲ್ ಲವೆಲ್ 1873ರಲ್ಲಿ ಗಣಿಗಾರಿಕೆಯ ಹಕ್ಕಿಗಾಗಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟಿತು. ಅದೇ ವರ್ಷ ಸ್ಥಾಪನೆಯಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಹೆಸರೇ ಮಾರಿಕುಪ್ಪಂ ಬಳಿಯ ವಸತಿಗೆ ‘ಮೈಸೂರು ಮೈನ್ಸ್’ ಎಂದು ನಿಂತಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗಳವರೆಗೆ ಸುಮಾರು ಹತ್ತು ಮೈಲಿಯ ರೈಲುಮಾರ್ಗ ತೆರೆಯಿತು. 1901ರ ಜನಗಣತಿಯ ವೇಳೆಗೆ ಗಣಿ ಪ್ರದೇಶದ ಜನಸಂಖ್ಯೆ 38,204. ಎರಡು ದಶಕಗಳ ಹಿಂದೆ ಹೆಚ್ಚಾಗಿ ಕುರುಚಲು ಕಾಡೂ ಹುಲ್ಲುಗಾವಲೂ ಆಗಿದ್ದ ಜಾಗವದು.

ಈ ಜನ ಬಂದ ದಾರಿಗಳೇ ಭಾಷೆಗಳು ಬಂದ ದಾರಿಗಳು. ಕಾರ್ಮಿಕರಲ್ಲಿ ಬಹುಪಾಲು ಮದ್ರಾಸ್ ಪ್ರಾಂತದ ಉತ್ತರ ಆರ್ಕಾಟ್, ಸೇಲಂ ಮೊದಲಾದ ಕಡೆಗಳಿಂದ ಬಂದ ತಮಿಳು ಮತ್ತು ತೆಲುಗು ಭಾಷಿಕರು. ಅವರಲ್ಲಿ ದಲಿತ ಸಮುದಾಯಗಳವರೇ ಹೆಚ್ಚು. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ ಮತ್ತು ತಾಮ್ರದ ಗಣಿಗಳಲ್ಲಿ ನುರಿತವರು ‘ಕ್ಯಾಪ್ಟನ್’ ಎಂಬ ಬಿರುದಿನೊಂದಿಗೆ ಬಂದರು. ಇಟಲಿಯವರು, ಆಂಗ್ಲೋ-ಇಂಡಿಯನ್ನರು, ಕಾವಲಿಗೆ ಪಂಜಾಬಿನವರು, ವ್ಯಾಪಾರಕ್ಕೆ ದಖನಿ ಮಾತನಾಡುವ ಮುಸ್ಲಿಮರು ಸೇರಿಕೊಂಡರು. ಸುತ್ತಲಿನ ಹಳ್ಳಿಗಳು ಮೊದಲಿನಿಂದಲೂ ಕನ್ನಡ ಮತ್ತು ತೆಲುಗನ್ನು ಒಟ್ಟಿಗೆ ಬಳಸುತ್ತಿದ್ದ ಗಡಿನಾಡಿನ ಹಳ್ಳಿಗಳು. ಸ್ಥಳನಾಮಗಳಲ್ಲೇ ಈ ಪದರಗಳು ಕಾಣುತ್ತವೆ. ಮಾರಿಕುಪ್ಪಂನಲ್ಲಿ ತಮಿಳು ಮತ್ತು ತೆಲುಗು ಊರುಗಳ ಹೆಸರಿನಲ್ಲಿ ಕಾಣುವ ‘ಕುಪ್ಪಂ’. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಇಂಗ್ಲಿಷ್ ವ್ಯಕ್ತಿನಾಮಕ್ಕೆ ಅಂಟಿದ ‘ಪೇಟೆ’. ಮೈಸೂರಿನ ಕಮಿಷನರ್ ಬೌರಿಂಗನ ನೆನಪಿನ ಬೌರಿಂಗ್‌ಪೇಟೆಯ ಜಾಗದಲ್ಲಿ ಕೊನೆಗೆ ನಿಂತ, ಕನ್ನಡಕ್ಕೂ ತೆಲುಗಿಗೂ ಸಮಾನವಾದ ‘ಬಂಗಾರ’ದ ಬಂಗಾರಪೇಟೆ.

ಮೇಸ್ತ್ರಿಗಳು ಮತ್ತು ಗುತ್ತಿಗೆದಾರರು ಬಂಧುಗಳನ್ನೂ ಒಂದೇ ಊರಿನವರನ್ನೂ ಕರೆತರುತ್ತಿದ್ದ ಪದ್ಧತಿಯಿಂದಾಗಿ ತವರಿನ ನುಡಿ ಗಣಿಯ ‘ಲೈನ್’ಗಳಲ್ಲಿ ಗಟ್ಟಿಯಾಗಿ ಉಳಿಯಿತು. ಆದರೆ ಆ ಲೈನ್‌ಗಳ ಆರಂಭದ ಗುಡಿಸಲುಗಳು ಬಿದಿರಿನ ತಟ್ಟಿಗಳಿಂದ ಕಟ್ಟಿದವು. ಪಕ್ಕದ ಮನೆಯ ಮಾತು ತಟ್ಟಿಯ ಆಚೆಗೇ ನಿಲ್ಲುತ್ತಿರಲಿಲ್ಲ. ಇಲ್ಲಿ ಒಂದು ಹೋಲಿಕೆ ಉಪಯುಕ್ತ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪ್ವಾಡ ಗ್ರಾಮದ ಅಧ್ಯಯನ ಭಾಷಾ ಸಂಪರ್ಕದ ಚರ್ಚೆಯಲ್ಲಿ ಪ್ರಸಿದ್ಧವಾದದ್ದು. ಮಹಾರಾಷ್ಟ್ರದ ಗಡಿಯ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಅಚ್ಚಿಗೆ ಬಂದಿದ್ದರೂ ಪದಕೋಶಗಳು ಬೇರೆಯಾಗಿಯೇ ಉಳಿದಿದ್ದವು. ಪ್ರತಿ ಸಮುದಾಯವೂ ತನ್ನ ಮನೆಯೊಳಗಿನ ಬದುಕನ್ನು ಬೇರೆಯಾಗಿ ಇಟ್ಟುಕೊಂಡದ್ದು ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಕುಪ್ವಾಡದಲ್ಲಿ ಭಾಷೆಗಳು ಹೊಲದಲ್ಲಿ, ಪೇಟೆಯಲ್ಲಿ ಕೂಡಿ ಮನೆಯ ಹೊಸಿಲಲ್ಲಿ ಬೇರೆಯಾಗುತ್ತಿದ್ದವು. ಗಣಿ ಪ್ರದೇಶದಲ್ಲಿ ಹೊಸಿಲು ಅಷ್ಟು ಎತ್ತರವಿರಲಿಲ್ಲ. ಭೂಮಿಯೊಳಗೆ ಶಾಫ್ಟಿನಲ್ಲಿ ಒಂದೇ ಕೇಜಿನಲ್ಲಿ ಇಳಿಯುವವರು ಬೇರೆಬೇರೆ ನುಡಿಯವರು. ಮೇಲೆ ನೀರಿನ ಕೊಳಾಯಿಯ ಮುಂದೆ ನಿಲ್ಲುವ ಹೆಂಗಸರೂ ಹಾಗೆಯೇ. ಅಲ್ಲಿ ಕೇಳಿದ ಮಾತು ಊಟದ ಹೊತ್ತಿಗೆ ಮನೆಗೆ ಬರುತ್ತಿತ್ತು.

ಓದು ಬರಹದ ವಿಷಯದಲ್ಲಿ ಮಾತ್ರ ದಾರಿ ಬೇರೆ. ತಮಿಳು ಇಲ್ಲಿ ಕೇವಲ ಮನೆಮಾತಾಗಿರಲಿಲ್ಲ. ಅಯೋತಿದಾಸ ಪಂಡಿತರ ‘ತಮಿಳನ್’ ಪತ್ರಿಕೆ 1920ರ ದಶಕದಲ್ಲಿ ಮರುಜೀವ ಪಡೆದದ್ದು ಗಣಿ ಪ್ರದೇಶದಿಂದ. ಬೌದ್ಧ ಸಂಘಟನೆಯ ಕಾರ್ಮಿಕರು ಅದರ ಬೆನ್ನಿಗಿದ್ದರು. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ನಡೆದ ದೊಡ್ಡ ಮುಷ್ಕರದ ಹಿನ್ನೆಲೆಯಲ್ಲೂ ಈ ಓದುವ, ಕೂಡಿ ಚರ್ಚಿಸುವ ಸಂಸ್ಕೃತಿ ಇತ್ತು. ಇದೇ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತೂ ತಮಿಳೇ. ಅವರು ಶಾಲೆ ಮತ್ತು ಸರ್ಕಾರಿ ಸೇವೆಯ ದಾರಿಯಲ್ಲಿ ನಡೆದು ಕನ್ನಡದ ಶ್ರೇಷ್ಠ ಕಥೆಗಾರರಾದರು. ಎರಡೂ ಮನೆಗಳ ಊಟದ ಮಾತು ತಮಿಳು. ಒಂದಕ್ಕೆ ಕನ್ನಡದ ಅಕ್ಷರ ಬೇಗನೆ ಒದಗಿತು, ಇನ್ನೊಂದಕ್ಕೆ ಬಹಳ ತಡವಾಗಿ. ಎರಡನೆಯ ಭಾಷೆಯ ಚರಿತ್ರೆಯನ್ನು ಜಾತಿ, ವರ್ಗಗಳಿಂದ ಬಿಡಿಸಿ ಬರೆಯಲಾಗದು ಎಂಬುದಕ್ಕೆ ಈ ಅಂತರವೇ ಸಾಕ್ಷಿ.

3. ಜನಗಣತಿಯ ಕಲಂ

ಮನೆಯೊಳಗಿನ ಭಾಷೆಗಳಿಗೆ ಕ್ರಮಸಂಖ್ಯೆ ಕೊಡುವ ಕೆಲಸವನ್ನು ಮೊದಲು ಮಾಡಿದ್ದು ಜನಗಣತಿ. ಅದರ ಪ್ರಶ್ನೆಯೂ ಒಂದೇ ಆಗಿ ಉಳಿಯಲಿಲ್ಲ. 1881ರಲ್ಲಿ ಕೇಳಿದ್ದು ತಾಯ್ನುಡಿಯನ್ನು. 1891ರಲ್ಲಿ ಹೆತ್ತವರ ನುಡಿಯನ್ನು. 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯನ್ನು. 1931ರಲ್ಲಿ ಪ್ರಶ್ನೆ ಮತ್ತೆ ತಾಯ್ನುಡಿಗೆ ಮರಳಿತು. ಜೊತೆಗೆ ದಿನಬಳಕೆಯ ಪೂರಕ ಭಾಷೆಗೂ ಜಾಗ ದೊರೆಯಿತು. 1961ರ ಗಣತಿ, ವ್ಯಕ್ತಿಯ ಬಾಲ್ಯದಲ್ಲಿ ತಾಯಿ ಅವರೊಡನೆ ಆಡಿದ ಭಾಷೆಯೇ ತಾಯ್ನುಡಿ ಎಂದು ನಿರೂಪಿಸಿ, ಬಲ್ಲ ಇತರ ಭಾಷೆಗಳನ್ನು ಪ್ರತ್ಯೇಕವಾಗಿ ಬರೆದುಕೊಂಡಿತು.

ಈ ಪ್ರಶ್ನೆಗಳನ್ನು ಗಣಿ ಪ್ರದೇಶದ ಒಂದು ಮನೆಗೆ ಅನ್ವಯಿಸಿ ನೋಡಬಹುದು. ತಂದೆ ತಮಿಳಿನವನು, ತಾಯಿ ಬಂಗಾರಪೇಟೆ ಕಡೆಯ ತೆಲುಗು ಹಳ್ಳಿಯವಳು, ಸಾಕಿದವಳು ತಂದೆಯ ತಾಯಿ, ಆಟದ ಜೊತೆಗಾರರು ದಖನಿಯವರು. ಅಂಥ ಮನೆಯ ಮಗುವಿಗೆ 1891ರ ಪ್ರಶ್ನೆಗೆ ಎರಡು ಉತ್ತರಗಳಿವೆ, ಏಕೆಂದರೆ ಹೆತ್ತವರ ನುಡಿ ಒಂದಲ್ಲ. 1901ರ ಪ್ರಶ್ನೆಗೆ ಉತ್ತರ ಬಹುಶಃ ತಮಿಳು. 1961ರ ನಿರೂಪಣೆಯ ಪ್ರಕಾರ ತೆಲುಗು. ಮಗು ಬದಲಾಗಿಲ್ಲ, ಊಟದ ಮಾತೂ ಬದಲಾಗಿಲ್ಲ. ಪ್ರಶ್ನೆ ಮಾತ್ರ ಬದಲಾಗಿದೆ. ಜನಗಣತಿಯ ಅಂಕಿಗಳನ್ನು ಆಧರಿಸಿ ಈ ಪ್ರದೇಶದ ಭಾಷಾಪಲ್ಲಟವನ್ನು ದಶಕದಿಂದ ದಶಕಕ್ಕೆ ಅಳೆಯಹೊರಡುವ ಸಂಶೋಧಕರು ಈ ವ್ಯತ್ಯಾಸವನ್ನು ಮೊದಲು ಕಳೆಯಬೇಕಾಗುತ್ತದೆ. ದೇಬಿಪ್ರಸನ್ನ ಪಟ್ಟನಾಯಕ್ ಮತ್ತು ಇ. ಅಣ್ಣಾಮಲೈ ಅವರಂಥ ವಿದ್ವಾಂಸರು, 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕೆಲಸ ಮಾಡುತ್ತ, ಭಾರತದ ಬಹುಭಾಷಿಕತೆಯನ್ನು ಏಕಭಾಷಿಕ ಸಮಾಜಗಳ ಅಳತೆಗೋಲಿನಿಂದ ಅಳೆಯಬಾರದೆಂದು ವಾದಿಸಿದರು. ಆ ವಾದಕ್ಕೆ ಮೈಸೂರಿನಿಂದ ಅಷ್ಟೇನೂ ದೂರವಿಲ್ಲದ ಈ ಗಣಿಯೂರು ಒಳ್ಳೆಯ ನಿದರ್ಶನ.

4. ತಟ್ಟೆಯ ಸುತ್ತ

ಗಣಿಯಲ್ಲಿ ಕೆಲಸ ಪಾಳಿಯ ಮೇಲೆ ನಡೆಯುತ್ತಿದ್ದುದರಿಂದ ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಊಟ ಪ್ರತಿದಿನದ ಸಂಗತಿಯಾಗಿರಲು ಸಾಧ್ಯವಿರಲಿಲ್ಲ. ಕೂತಾಗ ಮಾತು ಹೆಚ್ಚು. ಆ ಮಾತಿನ ಮೊದಲ ವಸ್ತು ತಟ್ಟೆಯಲ್ಲಿರುವುದೇ. ಕೋಲಾರ ಸೀಮೆಯ ಮುಖ್ಯ ಆಹಾರವಾದ ರಾಗಿಯ ಉಂಡೆ ಕನ್ನಡದಲ್ಲಿ ಮುದ್ದೆ, ತಮಿಳಿನಲ್ಲಿ ಕಳಿ, ತೆಲುಗಿನಲ್ಲಿ ಸಂಗಟಿ. ಹಾಕಿದ ಉಪ್ಪು ಮಾತ್ರ ಮೂರು ಭಾಷೆಗಳಲ್ಲೂ ಉಪ್ಪೇ. ಒಂದೇ ತಟ್ಟೆಯಲ್ಲಿ ಪೂರ್ಣ ಬೇರೆಯಾದ ಪದಗಳೂ ಪೂರ್ಣ ಒಂದಾದ ಪದಗಳೂ ಇವೆ. ಕಲಿಯುವವರನ್ನು ಕಾಡುವುದು ಈ ಎರಡರ ನಡುವೆ ಇರುವ, ರೂಪ ಒಂದಾಗಿ ಅರ್ಥ ಬೇರೆಯಾದ ಪದಗಳು. ಮುಂದಿನ ಸಂಭಾಷಣೆಯಲ್ಲಿ ಅಜ್ಜಿ ತಮಿಳಿನವರು, ತಾಯಿ ತೆಲುಗಿನವರು, ಮಗಳು ಕನ್ನಡ ಮಾಧ್ಯಮದ ವಿದ್ಯಾರ್ಥಿನಿ, ತಂದೆ ಪೇಟೆಯಲ್ಲಿ ಕನ್ನಡದಲ್ಲಿ ವ್ಯವಹರಿಸುವವರು. ಅಣ್ಣ ಇನ್ನೂ ಪಾಳಿಯಿಂದ ಬಂದಿಲ್ಲ.

ಅಜ್ಜಿ: ಕಣ್ಣು, ಇನ್ನುಂ ಕೊಂಜಂ ಸೋರು ಪೋಡಟ್ಟಾ?
ಮಗಳು: ಪಾಟಿ, ಸೋರು ಅಲ್ಲ, ಅನ್ನ. ಸೋರೋದು ನಮ್ಮ ಮನೆ ಮಾಳಿಗೆ.
ತಾಯಿ: ಅನ್ನನಾ? ಅನ್ನ ಇಂಕಾ ಡ್ಯೂಟೀಲೋ ಉನ್ನಾಡು.
ತಂದೆ: ಸರಿ, ಅಣ್ಣನಿಗೂ ಅನ್ನ ಎತ್ತಿಡಿ.
ಅಜ್ಜಿ: ನಾಂಗ ಒರೇ ತಟ್ಟುಲ ಸಾಪ್ಟೋಂ. ನೀಂಗ ನಾಲು ಪಾಷೆಲ ಸಾಪ್ಪಿಡ್ರೀಂಗ.

ಅಜ್ಜಿ ‘ಇನ್ನೂ ಸ್ವಲ್ಪ ಅನ್ನ ಹಾಕಲೇ’ ಎಂದು ಕೇಳಿದ್ದಾರೆ. ತಮಿಳಿನ ‘ಸೋರು’ ಅನ್ನ; ಕನ್ನಡದ ‘ಸೋರು’ ತೊಟ್ಟಿಕ್ಕುವ ಕ್ರಿಯೆ. ಕನ್ನಡದ ‘ಅನ್ನ’ ತೆಲುಗಿನಲ್ಲಿ ‘ಅನ್ನಂ’. ತೆಲುಗಿನ ‘ಅನ್ನ’ ಕನ್ನಡದ ಅಣ್ಣ. ಅಣ್ಣ ಇನ್ನೂ ಕೆಲಸದಲ್ಲಿದ್ದಾನೆ ಎಂದು ತಾಯಿ ಬೇಕೆಂದೇ ತಪ್ಪು ತಿಳಿದವರಂತೆ ಆಡಿದ ಮಾತನ್ನು ತಂದೆ ನಕಾರ ಣಕಾರಗಳ ಭೇದದಿಂದ ಬಿಡಿಸುತ್ತಾರೆ. ಎರಡು ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ಒಂದು, ತಿದ್ದುಪಡಿಯ ದಿಕ್ಕು. ಲಾನ್ಜಾ ಅವರ ವರ್ಗೀಕರಣದಲ್ಲಿ ದೊಡ್ಡವರು ಮಗುವಿನ ಮಾತಿಗೆ ಪ್ರತಿಕ್ರಿಯಿಸುತ್ತಾರೆ. ಇಲ್ಲಿ ಮಗಳು ಅಜ್ಜಿಯನ್ನು ತಿದ್ದುತ್ತಾಳೆ. ಶಾಲೆಯಿಂದ ಬಂದ ಭಾಷೆಯ ಮಟ್ಟಿಗೆ ಮನೆಯಲ್ಲಿ ಅವಳೇ ಹಿರಿಯಳು. ಎರಡು, ಅರ್ಥವಾಗದಂತೆ ನಟಿಸುವ ತಂತ್ರ ಮಗುವಿನ ಬೆರಕೆಯನ್ನು ತಡೆಯುವ ಸಾಧನವಾಗಿರದೆ ಮನೆಮಂದಿಯ ಆಟವಾಗಿದೆ. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಆಡಬಹುದಾದ ಆಟವಿದು. ಮಾತನಾಡದ ಭಾಷೆಯನ್ನೂ ಕೇಳಿ ತಿಳಿಯುವ ಗ್ರಹಣಶಕ್ತಿಯನ್ನು ‘ಬಲ್ಲ ಭಾಷೆ’ಗಳ ಪಟ್ಟಿಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಥ ಮನೆಗಳಲ್ಲಿ ಕನ್ನಡ ಕಲಿಯುವ ತಮಿಳು ಮಗುವಿಗೆ ಒಂದು ಸೂತ್ರ ತಾನಾಗಿ ಒದಗುತ್ತದೆ: ಪಕಾರ ತೆಗೆದು ಹಕಾರ ಹಾಕುವುದು. ಪಾಲ್ ಹಾಲು, ಪುಳಿ ಹುಳಿ, ಪಲ್ ಹಲ್ಲು, ಪತ್ತು ಹತ್ತು, ಪಣಂ ಹಣ. ಹಳಗನ್ನಡದ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾದ ಚಾರಿತ್ರಿಕ ಪರಿವರ್ತನೆಯನ್ನು ಮಗು ತನಗರಿವಿಲ್ಲದೆ ಮರುಶೋಧಿಸಿದಂತಾಯಿತು. ಆದರೆ ಸೂತ್ರ ಎಲ್ಲ ಕಡೆಗೂ ನಡೆಯುವುದಿಲ್ಲ. ಪೆಟ್ಟಿ ಹೆಟ್ಟಿಗೆಯಾಗದೆ ಪೆಟ್ಟಿಗೆಯಾಗಿಯೇ ಉಳಿದಿದೆ. ಪಾವಂ ‘ಪಾಪ’ವೇ ಆಗಿದೆ. ಇನ್ನು ತಮಿಳಿನ ‘ಪಾಲ್’ ಕೇಳಿ ಕನ್ನಡದ ‘ಪಾಲು’ ಎಂದುಕೊಂಡರೆ ಹಾಲಿನ ಬದಲು ಹಂಚಿಕೆಯ ಜಗಳ ಎದುರಾಗುತ್ತದೆ. ಗಣಿಯೂರಿಗೆ ವಿಶೇಷವಾದದ್ದು ‘ಚಿನ್ನ’. ಕನ್ನಡದಲ್ಲಿ ಅದು ಊರಿಗೆ ಅನ್ನ ಕೊಟ್ಟ ಲೋಹ. ತೆಲುಗಿನಲ್ಲೂ ತಮಿಳಿನಲ್ಲೂ ‘ಚಿನ್ನ’ ಎಂದರೆ ಚಿಕ್ಕದು. ಆ ಲೋಹಕ್ಕೆ ಅಲ್ಲಿ ಕ್ರಮವಾಗಿ ಬಂಗಾರಂ, ತಂಗಂ ಎಂಬ ಹೆಸರುಗಳಿವೆ.

ಪದಗಳು ಹೀಗೆ ಕಾಲೆಳೆಯುವಾಗ ವಾಕ್ಯ ಆಸರೆಯಾಗುತ್ತದೆ. ‘ನನಗೆ ಬೇಕು’, ‘ಎನಕ್ಕು ವೇಣುಂ’, ‘ನಾಕು ಕಾವಾಲಿ’, ದಖನಿಯ ‘ಮೇರೆಕು ಹೋನಾ’ ಈ ನಾಲ್ಕರಲ್ಲೂ ಬೇಡುವವರು ಚತುರ್ಥಿಯಲ್ಲಿದ್ದಾರೆ. ಊಟದ ಮಾತಿನಲ್ಲಿ ಹೊರಗೆ ಕೇಳಿದ್ದನ್ನು ವರದಿ ಮಾಡುವುದೇ ಹೆಚ್ಚು. ಆ ವರದಿಯ ಹೊಲಿಗೆಯೂ ಒಂದೇ: ಬಸ್ ಬರಲ್ಲ ಅಂತ ಹೇಳಿದ, ಬಸ್ ವರಾದುನ್ನು ಸೊನ್ನಾನ್, ಬಸ್ ರಾದು ಅನಿ ಚೆಪ್ಪಾಡು, ಬಸ್ ನೈ ಆತಿ ಬೋಲ್ಕೆ ಬೋಲ್ಯಾ. ದಖನಿಯ ‘ಬೋಲ್ಕೆ’ ದ್ರಾವಿಡ ಭಾಷೆಗಳ ‘ಅಂತ’, ‘ಅನಿ’ಗಳ ಅಚ್ಚಿನಲ್ಲಿ ಬೆಳೆದ ಉಕ್ತಿಸೂಚಕವೆಂಬುದು ಭಾಷಾವಿಜ್ಞಾನಿಗಳು ಒಪ್ಪಿದ ಸಂಗತಿ. ವಾಕ್ಯದ ಅಚ್ಚು ಮೊದಲೇ ಕೈಯಲ್ಲಿರುವ ಕಲಿಕೆಯನ್ನು, ವಾಕ್ಯರಚನೆಯನ್ನೇ ಹೊಸದಾಗಿ ಕಲಿಯಬೇಕಾದ ಯುರೋಪಿನ ವಲಸೆ ಕುಟುಂಬದ ಎರಡನೆಯ ಭಾಷೆಯ ಕಲಿಕೆಯೊಂದಿಗೆ ಒಂದೇ ಹೆಸರಿನಿಂದ ಕರೆಯುವುದು ಎಷ್ಟು ಸರಿ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

5. ಶಾಲೆಯ ಅನುಕ್ರಮ

1956ರಲ್ಲಿ ಎರಡು ಘಟನೆಗಳು ಜೊತೆಜೊತೆಗೆ ನಡೆದವು. ರಾಜ್ಯಗಳ ಪುನರ್ವಿಂಗಡಣೆಯಿಂದ ಕನ್ನಡ ಭಾಷಿಕರ ವಿಶಾಲ ಮೈಸೂರು ರೂಪುಗೊಂಡಿತು; ಅದೇ ವರ್ಷ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಗಣಿಗಳು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಹೀಗಾಗಿ ಒಂದೇ ಊರಿನಲ್ಲಿ ಉದ್ಯೋಗದಾತ ಕೇಂದ್ರ, ಆಡಳಿತ ರಾಜ್ಯದ್ದು. ಗಣಿಯ ಕಾಗದಪತ್ರ ಇಂಗ್ಲಿಷಿನಲ್ಲಿದ್ದರೆ, 1963ರ ಅಧಿಕೃತ ಭಾಷಾ ಅಧಿನಿಯಮದ ನಂತರ ತಾಲ್ಲೂಕು ಕಚೇರಿಯ ಕಾಗದಪತ್ರ ಕನ್ನಡದ ಕಡೆಗೆ ಸಾಗಿತು. ಮನೆಮಾತು ಯಾವುದೇ ಇದ್ದರೂ ಪಡಿತರ ಚೀಟಿಗೆ, ಜಾತಿ ಪ್ರಮಾಣಪತ್ರಕ್ಕೆ ಕನ್ನಡ ಓದಬಲ್ಲವರೊಬ್ಬರು ಮನೆಯಲ್ಲಿ ಬೇಕಾದರು. ಆ ಒಬ್ಬರು ಹೆಚ್ಚಾಗಿ ಶಾಲೆಗೆ ಹೋಗುವ ಮಗುವೇ ಆಗಿರುವುದು ಸಹಜ.

ಕರ್ನಾಟಕದ ಶಾಲೆಗಳಲ್ಲಿ ‘ಪ್ರಥಮ’, ‘ದ್ವಿತೀಯ’, ‘ತೃತೀಯ’ ಭಾಷೆ ಎಂಬವು ಪಠ್ಯಕ್ರಮದ ಪಾರಿಭಾಷಿಕ ಪದಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದೆರಡಕ್ಕೆ ತಲಾ 100. ಈ ಕ್ರಮಸಂಖ್ಯೆಗಳಿಗೂ ಗಳಿಕೆಯ ಕಾಲಾನುಕ್ರಮಕ್ಕೂ ಸಂಬಂಧವಿರಬೇಕಾಗಿಲ್ಲ. ಮನೆಯಲ್ಲಿ ತಮಿಳು ಮತ್ತು ತೆಲುಗು, ಬೀದಿಯಲ್ಲಿ ಕನ್ನಡ ಮತ್ತು ದಖನಿ ಕಲಿತ ಮಗು ಶಾಲೆಯಲ್ಲಿ ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ, ಕನ್ನಡವನ್ನು ದ್ವಿತೀಯ ಭಾಷೆಯಾಗಿ, ಹಿಂದಿಯನ್ನು ತೃತೀಯ ಭಾಷೆಯಾಗಿ ಓದಬಹುದು. ಆಗ ಅದರ ಮೊದಲೆರಡು ಭಾಷೆಗಳಿಗೆ ಅಂಕಪಟ್ಟಿಯಲ್ಲಿ ಜಾಗವಿರುವುದಿಲ್ಲ. ಜೀವನದಲ್ಲಿ ಐದನೆಯದಾಗಿ ಬಂದದ್ದು ‘ಪ್ರಥಮ’ವೆನಿಸಿಕೊಳ್ಳುತ್ತದೆ.

ಈ ಅನುಕ್ರಮ ರಾಜಕೀಯ ಪ್ರಶ್ನೆಯಾದದ್ದು ವಿ. ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಸಲ್ಲಿಸಿದಾಗ. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂಬ ಶಿಫಾರಸಿನ ಪರವಾಗಿ 1982ರಲ್ಲಿ ನಾಡಿನಾದ್ಯಂತ ಚಳವಳಿ ನಡೆಯಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೊರೆ ಹೋದರು. 1989ರಲ್ಲಿ ಹೈಕೋರ್ಟು ಸರ್ಕಾರದ ಆದೇಶವನ್ನು ಒಪ್ಪಲಿಲ್ಲ. ಪರಿಷ್ಕೃತ ಆದೇಶವನ್ನು ಸುಪ್ರೀಂ ಕೋರ್ಟು 1993ರಲ್ಲಿ ಎತ್ತಿಹಿಡಿಯಿತು. ಕನ್ನಡದ ಪರವಾಗಿ ನಿಂತವರ ಅಳಲು ನಿಜವಾದದ್ದು: ರಾಜ್ಯದ ಭಾಷೆಯ ಪರಿಚಯವೇ ಇಲ್ಲದೆ ಮಗುವೊಂದು ಶಾಲೆ ಮುಗಿಸುವ ಸಾಧ್ಯತೆಯಿತ್ತು. ಗಣಿಯ ಕುಟುಂಬಗಳ ಆತಂಕವೂ ನಿಜವಾದದ್ದು: ಅಂಕದ ಏಣಿಯಲ್ಲಿ ತಮ್ಮ ಮಕ್ಕಳು ಮೊದಲ ಮೆಟ್ಟಿಲಲ್ಲೇ ಹಿಂದೆ ಬೀಳುವ ಭಯ. ಎರಡೂ ಪಕ್ಷಗಳು ಒಪ್ಪಿಕೊಂಡ ಒಂದು ಪೂರ್ವಗ್ರಹಿಕೆಯಿತ್ತು. ಒಂದು ಮಗುವಿಗೆ ಒಂದು ತಾಯ್ನುಡಿ, ಅದರ ಮೇಲೆ ಸಾಲಾಗಿ ಉಳಿದವು ಎಂಬುದು ಆ ಗ್ರಹಿಕೆ.

2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪು ಈ ಗ್ರಹಿಕೆಯನ್ನು ವಿಶಿಷ್ಟ ರೀತಿಯಲ್ಲಿ ಮುಟ್ಟಿತು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಮಾಧ್ಯಮವನ್ನು ಸರ್ಕಾರ ಹೇರಲಾಗದು. ಮಗುವಿನ ತಾಯ್ನುಡಿ ಯಾವುದೆಂದು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು ಎಂದು ಅದು ಹೇಳಿತು. ಮುಂದೆ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಹಂತಹಂತವಾಗಿ ಎಲ್ಲ ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. 1961ರ ಗಣತಿಗೆ ತಾಯ್ನುಡಿ ಎಂಬುದು ಬಾಲ್ಯದಲ್ಲಿ ನಡೆದ ಒಂದು ಸಂಗತಿ. 2014ರ ತೀರ್ಪಿಗೆ ಅದು ಹೆತ್ತವರ ಆಯ್ಕೆ. ಊಟದ ಮಾತಿನ ದೃಷ್ಟಿಯಿಂದ ಎರಡೂ ಅಪೂರ್ಣ. ತಂದೆ ತಾಯಿ ಬೇರೆಬೇರೆ ನುಡಿಯವರಾದರೆ ಆಯ್ಕೆ ಯಾರದು? ದಿನವಿಡೀ ಮಗುವಿನೊಡನೆ ಮಾತನಾಡುವ ಅಜ್ಜಿಗೆ ಈ ವ್ಯವಸ್ಥೆಯಲ್ಲಿ ಸ್ಥಾನವೆಲ್ಲಿ? ಈ ಪ್ರಶ್ನೆಗಳನ್ನು ಕುಟುಂಬದ ಭಾಷಾನೀತಿಯ ಸಂಶೋಧಕರು ಎತ್ತಿಕೊಳ್ಳಬೇಕಿದೆ.

6. ಗಣಿ ಮುಚ್ಚಿದ ಮೇಲೆ

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫಿನ ಜೊತೆಗೆ ಒಂದು ಉದ್ಯೋಗದ ಪದಕೋಶವೂ ನಿಂತುಹೋಯಿತು. ಶಾಫ್ಟು, ಕೇಜು, ಲೆವೆಲ್, ಸ್ಟೋಪು ಮೊದಲಾದ ಇಂಗ್ಲಿಷ್ ಮೂಲದ ಪದಗಳು ತಮಿಳಿನ ಮತ್ತು ತೆಲುಗಿನ ವಿಭಕ್ತಿಗಳನ್ನು ತೊಟ್ಟು ಊಟದ ಮಾತಿನಲ್ಲಿ ಓಡಾಡುತ್ತಿದ್ದವು. ಮೊಮ್ಮಕ್ಕಳಿಗೆ ಅವು ಅಜ್ಜನ ಕಥೆಯ ಪದಗಳು.

ದುಡಿಮೆ ಬೆಂಗಳೂರಿನ ಕಡೆಗೆ ಹೊರಳಿತು. ಮಾರಿಕುಪ್ಪಂನಿಂದ ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ಹಾದು, ಬಂಗಾರಪೇಟೆ ಜಂಕ್ಷನ್ನಿನ ಮೂಲಕ ರಾಜಧಾನಿಗೆ ಹೋಗುವ ಬೆಳಗಿನ ರೈಲುಗಳು ಈಗ ಗಣಿಯ ಪಾಳಿಯ ಸ್ಥಾನದಲ್ಲಿವೆ. ಸಾವಿರಾರು ಜನ ನಸುಕಿನಲ್ಲಿ ಹೊರಟು ರಾತ್ರಿ ಮರಳುತ್ತಾರೆ. ಈ ಬದಲಾವಣೆಗೆ ಭಾಷಿಕವಾದ ಪರಿಣಾಮಗಳಿವೆ. ಮೊದಲು ಭಾಷೆ ಕಲಿಯುವ ಜಾಗವೂ ಉಣ್ಣುವ ಜಾಗವೂ ನಡಿಗೆಯ ದೂರದಲ್ಲಿದ್ದವು. ಈಗ ಅವುಗಳ ನಡುವೆ ಸುಮಾರು ನೂರು ಕಿಲೋಮೀಟರ್ ಇದೆ. ಕೆಲಸದ ಕನ್ನಡ, ಹಿಂದಿ, ಇಂಗ್ಲಿಷುಗಳನ್ನು ಹೊತ್ತು ತರುವವರು ಬರುವಷ್ಟರಲ್ಲಿ ಅಜ್ಜಿಯೂ ಮಕ್ಕಳೂ ಉಂಡಿರಬಹುದು. ರೈಲಿನ ಡಬ್ಬಿಯೇ ಮಾತಿನ ಹೊಸ ಪಡಸಾಲೆಯಾಗುವ ಸಾಧ್ಯತೆಯೂ ಇದೆ. ಕುಟುಂಬದ ಭಾಷಾನೀತಿಯನ್ನು ಅಧ್ಯಯನ ಮಾಡುವವರು ಹೆತ್ತವರ ಅಭಿಪ್ರಾಯಗಳನ್ನು ಪ್ರಶ್ನಾವಳಿಯಲ್ಲಿ ಕೇಳುವುದರ ಜೊತೆಗೆ ರೈಲಿನ ವೇಳಾಪಟ್ಟಿಯನ್ನೂ ನೋಡಬೇಕಾಗುತ್ತದೆ.

7. ಸಮಾರೋಪ: ‘ನಮ್ಮ’ ಎಂಬ ಸರ್ವನಾಮ

ಮೇಲಿನ ಸಂಭಾಷಣೆಯಲ್ಲಿ ಅಜ್ಜಿಯ ಕೊನೆಯ ಮಾತು ‘ನಾವು ಒಂದೇ ತಟ್ಟೆಯಲ್ಲಿ ಉಂಡೆವು, ನೀವು ನಾಲ್ಕು ಭಾಷೆಯಲ್ಲಿ ಉಣ್ಣುತ್ತೀರಿ’ ಎಂದು. ಅವರು ಬಳಸಿದ ಸರ್ವನಾಮ ‘ನಾಂಗ’: ಕೇಳುವವರನ್ನು ಹೊರಗಿಟ್ಟ ನಾವು. ಕೇಳುವವರನ್ನೂ ಸೇರಿಸಿಕೊಳ್ಳುವುದಾದರೆ ತಮಿಳಿನಲ್ಲಿ ‘ನಾಮ’ ಎನ್ನಬೇಕು. ತೆಲುಗಿನಲ್ಲೂ ‘ಮೇಮು’ ಮತ್ತು ‘ಮನಂ’ ಎಂಬ ಇದೇ ಭೇದವಿದೆ. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ. ‘ನಾವು’ ಎರಡಕ್ಕೂ ಸಲ್ಲುತ್ತದೆ. ‘ಎಂಗ ಊರು’ ಎಂದು ತಮಿಳಿನಲ್ಲಿ, ‘ಮಾ ಊರು’ ಎಂದು ತೆಲುಗಿನಲ್ಲಿ ಹೇಳಿದರೆ ಆ ಊರು ಕೇಳುವವರದಲ್ಲ. ಕೇಳುವವರ ಊರೂ ಹೌದು ಎನ್ನಲು ತೆಲುಗಿನವರು ‘ಮನ ಊರು’ ಎನ್ನುತ್ತಾರೆ, ತಮಿಳಿನವರು ‘ನಮ್ಮ ಊರು’ ಎನ್ನುತ್ತಾರೆ. ತಮಿಳಿನ ಈ ಒಳಗೊಳ್ಳುವ ರೂಪ ಕನ್ನಡದ ಏಕೈಕ ರೂಪದೊಂದಿಗೆ ಅಕ್ಷರಶಃ ಒಂದಾಗುತ್ತದೆ. ಕನ್ನಡದಲ್ಲಿ ಯಾರಾದರೂ ‘ನಮ್ಮ ಊರು’, ‘ನಮ್ಮ ಭಾಷೆ’ ಎಂದಾಗ ಗಣಿಯೂರಿನ ತಮಿಳು ಕಿವಿಗೆ ಅದು ತನ್ನನ್ನೂ ಸೇರಿಸಿಕೊಂಡ ಮಾತಾಗಿ ಕೇಳಿಸಬಲ್ಲದು. ಆಡಿದವರು ಆ ಅರ್ಥದಲ್ಲಿ ಆಡಿದ್ದರೇ ಎಂಬುದು ವ್ಯಾಕರಣದಿಂದ ತಿಳಿಯುವಂಥದ್ದಲ್ಲ, ನಡವಳಿಕೆಯಿಂದ ತಿಳಿಯಬೇಕಾದದ್ದು.

ಒಂದು ಭಾಷೆ ಎರಡನೆಯದಾಗಿ ಉಳಿಯುವುದೋ ‘ನಮ್ಮ’ದಾಗುವುದೋ ಎಂಬುದು ಅದನ್ನು ಯಾರೊಡನೆ ಆಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಗಣಿಯ ಕುಟುಂಬಗಳಲ್ಲಿ ಕನ್ನಡ ಮನೆಯೊಳಗೆ ಬಂದದ್ದು ಮೂರು ಬಾಗಿಲುಗಳಿಂದ: ನೆರೆಯವರ ಮಾತಾಗಿ, ಕಚೇರಿಯ ಕಾಗದವಾಗಿ, ಮಕ್ಕಳ ಪಾಠವಾಗಿ. ಮಕ್ಕಳು ತಂದ ಕನ್ನಡಕ್ಕೆ ಅಜ್ಜಿಯ ತಟ್ಟೆಯ ಪಕ್ಕದಲ್ಲಿ ಜಾಗ ಸಿಕ್ಕಿದ್ದು ಅದು ತಮಿಳಿನ ಜಾಗವನ್ನು ಕೇಳದೆ ಕೂತಾಗ. ಕನ್ನಡದ ಬೋಧನೆಯನ್ನು ಯೋಜಿಸುವವರಿಗೆ ಇದು ಉಪಯುಕ್ತ ಸುಳಿವು. ಪಕಾರ ಹಕಾರಗಳ ಸೂತ್ರವನ್ನು, ‘ಸೋರು’ ಮತ್ತು ‘ಅನ್ನ’ಗಳ ತಮಾಷೆಯನ್ನು, ಮಗು ಮೊದಲೇ ಬಲ್ಲ ವಾಕ್ಯದ ಅಚ್ಚನ್ನು ಪಠ್ಯಪುಸ್ತಕ ಬಳಸಿಕೊಂಡರೆ, ಮನೆಮಾತು ತಡೆಯಾಗುವ ಬದಲು ಮೆಟ್ಟಿಲಾಗುತ್ತದೆ.

ಸಂಶೋಧಕರ ಮುಂದಿರುವ ಕೆಲಸಕ್ಕೆ ಕಾಲದ ಮಿತಿಯಿದೆ. ಕಂಪನಿಯ ಆಡಳಿತ ಕೊನೆಗೊಂಡ 1956ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಇನ್ನೊಂದು ಭಾಷಾಜಗತ್ತಿನಲ್ಲಿ ಬೆಳೆಯುತ್ತಿದ್ದಾರೆ. ಇವರೆಲ್ಲ ಒಟ್ಟಿಗೆ ಉಣ್ಣುವ ಮನೆಗಳು ಇನ್ನೂ ಇರುವಾಗಲೇ, ಮನೆಯವರ ಒಪ್ಪಿಗೆ ಪಡೆದು, ಊಟದ ಮಾತನ್ನು ಧ್ವನಿಮುದ್ರಿಸಬೇಕು. ಯಾರು ಯಾರಿಗೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ, ತಿದ್ದುಪಡಿ ಯಾವ ದಿಕ್ಕಿಗೆ ಹರಿಯುತ್ತದೆ, ಯಾವ ಮಾತಿಗೆ ಎಲ್ಲರೂ ಒಟ್ಟಿಗೆ ನಗುತ್ತಾರೆ, ‘ನಾಂಗ’ ಯಾವಾಗ ‘ನಾಮ’ವಾಗುತ್ತದೆ ಎಂಬ ನಾಲ್ಕು ಅಂಶಗಳನ್ನು ಗುರುತಿಸಿದರೂ ಸಾಕು, ಜನಗಣತಿಯ ಕಲಂ ಮತ್ತು ಅಂಕಪಟ್ಟಿಗಳು ಕೊಡದ ಚರಿತ್ರೆಯೊಂದು ದೊರೆಯುತ್ತದೆ.